ಒಂದು ಕಾಲೆತ್ತಿ ನಿಲ್ಲುವ ವೆಂಕಟಾಚಲ

ಅರ್ಥಕ್ಕೆ ಸಲ್ಲದ ಪದವೊಂದು ಕಿವಿಗೆ ಬಿದ್ದರೆ ವೆಂಕಟಾಚಲ ನಡೆಯುತ್ತಿದ್ದ ಭಂಗಿಯಲ್ಲೇ, ಎತ್ತಿದ ಕಾಲನ್ನು ಕೆಳಗಿಡದೆ, ನಿಂತುಬಿಡುತ್ತಾರೆ. ಸಚಿನ್ ಎಂಬ ಊರಿನಲ್ಲಿರುವ ನಮ್ಮ ರಾಸಾಯನಿಕ ಕಾರ್ಖಾನೆಗೆ ಅವರು ಸೇಫ್ಟಿ ಆಫೀಸರು. ನಾನು ಇಂಗ್ಲಿಷ್ ವರದಿಗಳನ್ನು ಟೈಪಿಸುವವನು, ಅಂದರೆ ಅವರ ಕಾಲನ್ನು ದಿನಕ್ಕೆ ಹತ್ತಾರು ಬಾರಿ ಅಂತರಿಕ್ಷದಲ್ಲಿ ನಿಲ್ಲಿಸುವ ಅಪರಾಧಿ. ಭದ್ರಾವತಿಯಿಂದ ಬಂದ ಈ ಮನುಷ್ಯನ ತೋಳಿಲ್ಲದ ಕಿತ್ತಳೆ ಕೋಟಿನ ಒಂದು ಜೇಬಿನಲ್ಲಿ ಟಿಪ್ಪಣಿ ಪುಸ್ತಕ, ಇನ್ನೊಂದರಲ್ಲಿ ಸೀಮೆಸುಣ್ಣ.

ಹಝಾರ್ಡ್‌ಗೂ ರಿಸ್ಕ್‌ಗೂ ಏನು ವ್ಯತ್ಯಾಸವೆಂದು ಕ್ಯಾಂಟೀನಿನಲ್ಲಿ ಒಮ್ಮೆ ಕೇಳಿಬಿಟ್ಟೆ. ಅವರ ಮುಖ ಅರಳಿತು.

"ನೋಡಿ ಜಯತೀರ್ಥ, ನಿಮ್ಮ ಟೀ ಹೊಗೆಯಾಡ್ತಿರೋದು ಹಝಾರ್ಡ್. ಅದರ ಪಕ್ಕ ನೀವು ಕೈ ಬೀಸ್ಕೊಂಡು ಮಾತಾಡ್ತಿರೋದು ರಿಸ್ಕ್."

ಗಾಬರಿಯಿಂದ ಕೈ ಹಿಂದೆಳೆದುಕೊಂಡೆ. ಟೀ ಪ್ಯಾಂಟಿನ ಮೇಲಾಯಿತು. "ಇದು ಆಕ್ಸಿಡೆಂಟ್" ಎಂದು, ಕರವಸ್ತ್ರ ಕೊಡುತ್ತಲೇ ಮೂರನೆಯ ಪಾಠವನ್ನೂ ಮುಗಿಸಿದರು.

ಕಳೆದ ತಿಂಗಳು ಭರತಭಾಯಿ ಎಂಬ ಆಪರೇಟರು ಎರಡನೇ ಟ್ಯಾಂಕಿನದೆಂದು ಒಂದನೆಯದರ ವಾಲ್ವ್ ತಿರುಗಿಸಿ, ನೆಲದ ತುಂಬ ಆ್ಯಸಿಡ್ ಹರಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮ್ಯಾನೇಜರ್ ದೇಸಾಯಿ ಸಾಹೇಬರು ಕಾರಣದ ಜಾಗದಲ್ಲಿ 'ನೆಗ್ಲಿಜೆನ್ಸ್' ಎಂದು ಬರೆಸಿದರು. ಅದಕ್ಕೆ ಸಹಿ ಬಿದ್ದರೆ ಭರತಭಾಯಿಯ ಹದಿನಾರು ವರ್ಷದ ನೌಕರಿ ಹೋದಂತೆಯೇ. ನನಗೋ 'ಎರರ್' ಎಂದರೂ ಅದೇ, ಟೈಪಿಸುವ ಶ್ರಮ ಕಡಿಮೆ, ಅಷ್ಟೆ. ವೆಂಕಟಾಚಲರ ಕಾಲು ಮೇಲೆದ್ದದ್ದು ಇಳಿಯಲೇ ಇಲ್ಲ. ಕೊನೆಗೆ ಇಳಿದಾಗ ಅವರು ಟ್ಯಾಂಕುಗಳತ್ತ ನಡೆದರೆನ್ನಲಾರೆ, ಹಾರಿದರು. ಅವರ ಬೆನ್ನಿಗೆ ಸಾಹೇಬರು, ಭರತಭಾಯಿ, ಏದುಸಿರು ಬಿಡುತ್ತ ನಾನು.

ಪೈಪುಗಳನ್ನೆಲ್ಲ ಆಗಲೇ ಖಾಲಿ ಮಾಡಿದ್ದರು. ಅಕ್ಕಪಕ್ಕ ಅವಳಿಗಳಂಥ ಎರಡು ವಾಲ್ವ್‌ಗಳು. ದುರಸ್ತಿಯಲ್ಲಿ ಎಡಬಲ ಅದಲುಬದಲಾಗಿ, ನಂಬರು ಬರೆಯುವುದು ಉಳಿದುಹೋಗಿತ್ತು. ಎರಡನೇ ಟ್ಯಾಂಕಿನದು ಯಾವುದು ಮುಟ್ಟಿ ಎಂದರು ವೆಂಕಟಾಚಲ. ಸಾಹೇಬರು ಗತ್ತಿನಿಂದ ಮುಟ್ಟಿದರು.

"ನಾನೂ ಅದನ್ನೇ ತಿರುಗಿಸಿದ್ದು, ಸಾಹೇಬ್" ಎಂದ ಭರತಭಾಯಿ ಮೆಲ್ಲಗೆ.

ಸಾಹೇಬರು ನಕ್ಕುಬಿಟ್ಟರು; 'ಎರರ್' ಎಂದು ಬದಲಿಸಿಬಿಡು ಎಂದರು ನನಗೆ. ನಾನೇ ಗೆದ್ದವನಂತೆ ಕಂಪ್ಯೂಟರಿನತ್ತ ಓಡುತ್ತಿದ್ದೆ. ವೆಂಕಟಾಚಲ ತಡೆದು, ಟಿಪ್ಪಣಿ ಪುಸ್ತಕ ಬಿಚ್ಚಿದರು. 'ವಾಲ್ವ್‌ಗೆ ನಂಬರು ಬರೆಸಬೇಕು' ಎಂಬ ಸಾಲು, ಅವರದೇ ಕೈಬರಹ, ಮೂರು ವಾರ ಹಿಂದಿನ ತಾರೀಖು.

"ಗೊತ್ತಿಲ್ದೆ ತಪ್ಪಿದ್ದು ಎರರ್ ಕಣ್ರೀ. ಗೊತ್ತಿದ್ದೂ ನಾಳೆ ನೋಡೋಣ ಅಂದದ್ದು ನೆಗ್ಲಿಜೆನ್ಸ್. ಆ ಪದ ಅಳಿಸ್ಬೇಡಿ, ನನ್ನ ಹೆಸರಿನ ಮುಂದೆ ಹಾಕಿ."

ಆಮೇಲೆ ಇನ್ನೊಂದು ಜೇಬಿಗೆ ಕೈ ಹಾಕಿ, ಮೂರು ವಾರವೂ ಅಲ್ಲೇ ಇದ್ದ ಸೀಮೆಸುಣ್ಣ ತೆಗೆದು, ಎರಡೂ ವಾಲ್ವ್‌ಗಳ ಮೇಲೆ ದಪ್ಪಗೆ ನಂಬರು ಬರೆದರು. ಭರತಭಾಯಿ ಮರುದಿನ ಕೆಲಸಕ್ಕೆ ಬಂದ. ವೆಂಕಟಾಚಲರಿಗೆ ಈ ವರ್ಷದ ಬಡ್ತಿ ಬರಲಿಲ್ಲ.

ಪದಪದಕ್ಕೂ ತಡೆದು ನಿಲ್ಲುವವರನ್ನು ಕಂಡು ನಾವು ನಗುತ್ತೇವೆ, ಎಲ್ಲ ಒಂದೇ ಬಿಡಿ ಎನ್ನುತ್ತೇವೆ. ಒಂದೇ ಎಂದುಬಿಟ್ಟರೆ ನಮಗೆ ಕ್ಷೇಮ. ಯಾವ ಪದವೂ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಇಂಥವರೋ, ತಮ್ಮನ್ನು ಹುಡುಕಿ ಬಂದ ಪದಕ್ಕೆ ತಾವೇ ಎದ್ದು ಕುರ್ಚಿ ಹಾಕುತ್ತಾರೆ.