ಒಲೆಯ ಪಾಲು

ಮನೆಯನ್ನು ಇಬ್ಭಾಗ ಮಾಡುವ ಗೋಡೆಗೆಂದು ಮೇಸ್ತ್ರಿ ಎಳೆದು ಕಟ್ಟಿದ ದಾರ ಬಾಗಿಲ ಪಕ್ಕದ ಮೊಳೆಯಿಂದ ಹೊರಟು, ಎದುರಿನ ಕಿಟಕಿಯ ಚೌಕಟ್ಟಿಗೆ ಹೋಗಿ ಮುಟ್ಟುವ ಮೊದಲು, ಸರಿಯಾಗಿ ಕಬ್ಬಿಣದ ಒಲೆಯ ನೆತ್ತಿಯ ಮೇಲೆ ಹಾದುಹೋಯಿತು. ಅಣ್ಣತಮ್ಮಂದಿರಿಬ್ಬರೂ ಹೊಲ ಹಂಚಿಕೊಂಡಿದ್ದರು, ಕೊಟ್ಟಿಗೆ ಹಂಚಿಕೊಂಡಿದ್ದರು, ಹಳೆಯ ಏಣಿಯ ಬಗ್ಗೆ ಕೂಡ ಮಾತಾಗಿತ್ತು. ಒಲೆಯನ್ನು ಮಾತ್ರ ಯಾರೂ ನೆನೆದಿರಲಿಲ್ಲ. ಅದರ ಹೊಗೆಕೊಳವೆ ಸೂರಿನಲ್ಲಿ ಬೇರು ಬಿಟ್ಟ ಹಾಗೆ ಕೂತಿತ್ತು. ಒಲೆ ಅಲುಗಿಸಬೇಕೆಂದರೆ ಸೂರನ್ನೇ ಬಿಚ್ಚಬೇಕು.

"ದಾರಾನ ಅವಳ ಕಡೆಗೆ ಒಂದು ಮೊಳ ಸರಿಸಪ್ಪ," ಎಂದಳು ದೊಡ್ಡ ಸೊಸೆ.

"ಯಾಕೆ? ಅಕ್ಕನ ಕಡೆಗೇ ಸರಿಸಿ," ಎಂದಳು ಚಿಕ್ಕ ಸೊಸೆ.

ಮೇಸ್ತ್ರಿ ಗಾರೆ ಮೆತ್ತುವ ಕರಣಿಯನ್ನು ಬಕೆಟ್ಟಿನೊಳಕ್ಕೆ ಹಾಕಿದ. "ಅಮ್ಮಾ, ನಾನು ಗೋಡೆ ಕಟ್ಟೋನು. ಪಂಚಾಯ್ತಿ ಕಟ್ಟೋನಲ್ಲ."

ಹೆಂಡಿರ ಮುಖ ನೋಡಿದ ಗಂಡಂದಿರಿಬ್ಬರಿಗೂ ಒಟ್ಟಿಗೇ ಹೊಲದ ಕೆಲಸ ನೆನಪಾಗಿ, ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನಡೆದಿದ್ದರು.

ಚಿಕ್ಕವಳು ಈ ಮನೆಗೆ ಬಂದು ಒಂಬತ್ತು ವರ್ಷ. ಒಂಬತ್ತು ವರ್ಷವೂ ಅವಳು ಬೇಯಿಸಿದ್ದು ಅಕ್ಕನದು ಮುಗಿದ ಮೇಲೆ, ಅಕ್ಕ ಬಿಟ್ಟ ಕೆಂಡದ ಮೇಲೆ. ಮಗು ಹುಟ್ಟಿದಾಗ ಒಂದು ಚೊಂಬು ಬಿಸಿನೀರಿಗೆ "ಅಕ್ಕಾ, ಸ್ವಲ್ಪ ಜಾಗ" ಎಂದು ಕೇಳಿಕೊಂಡು ನಿಂತದ್ದು ಅವಳಿಗೆ ಇನ್ನೂ ಮರೆತಿಲ್ಲ. ಒಲೆ ಆ ಕಡೆ ಹೋಯಿತೆಂದರೆ ಇನ್ನು ಅಂಗಳದಲ್ಲಿ ಮೂರು ಕಲ್ಲು ಹೂಡಿಕೊಂಡು ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಅದನ್ನು ಅಕ್ಕ ಕಿಟಕಿಯಿಂದ ನೋಡುತ್ತಾಳೆ.

ಬೆಳಗಿನಿಂದ ಕುರ್ಚಿಯಲ್ಲಿ ಕೂತು ಇಬ್ಬರ ಜಗಳವನ್ನೂ ಕೇಳಿಸಿಕೊಂಡಿದ್ದ ಮಾವನಿಗೆ ಸಾಕಾಗಿತ್ತು.

"ಮೇಸ್ತ್ರಿಗೆ ಮಧ್ಯಾಹ್ನಕ್ಕೇನು?"

"ದನದ ಮಾಂಸ ತಂದಿದ್ದೀವಿ ಮಾವ. ಬಿಸಿ ಸ್ಯಾಂಡ್‌ವಿಚ್ ಅಂದ್ಕೊಂಡಿದ್ವಿ," ಎಂದಳು ಚಿಕ್ಕವಳು.

"ಇಬ್ಬರೂ ಮಾಡಿ. ಅದೇ ಮಾಂಸ, ಅದೇ ಬ್ರೆಡ್ಡು, ಅದೇ ಚೀಸು. ಯಾರದನ್ನ ತಿಂದು ಅವನು ಇನ್ನೊಂದು ಕೊಡಿ ಅಂತಾನೋ ಒಲೆ ಅವಳಿಗೆ. ಆದರೆ ತನ್ನ ಕೈಯಿಂದಲೇ ಮಾಡಬೇಕು. ಬೇರೆಯವರ ಕೈ ತಾಗಿಸಿಕೊಂಡವಳು ಸೋತ ಹಾಗೇ ಲೆಕ್ಕ."

ಮೇಸ್ತ್ರಿ ನಕ್ಕ. ಮುಂದಿನ ನಾಲ್ಕು ಹಲ್ಲಿರಲಿಲ್ಲ. ಉಳಿದವೂ ಹೊರಡಲು ತಯಾರಾಗಿದ್ದಂತೆ ಕಂಡವು. "ಮೆತ್ತಗಿರಲಿ ತಾಯಿ," ಎಂದು ಗಾರೆ ಕಲಸಲು ಅಂಗಳಕ್ಕೆ ಹೋದ. ಮಾವ ಕಣ್ಣು ಮುಚ್ಚಿ ಕುರ್ಚಿಯಲ್ಲೇ ತೂಕಡಿಸಿದ.

ದೊಡ್ಡವಳು ಮಾಂಸದಂಗಡಿಯವನ ಮಗಳು. ತುಂಡನ್ನು ಹಲಗೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿ, ನಾರಿನ ಎಳೆ ಯಾವ ಕಡೆ ಓಡುತ್ತದೆಂದು ಬೆರಳಲ್ಲಿ ಸವರಿ, ಅದಕ್ಕೆ ಅಡ್ಡವಾಗಿ ಚಾಕು ಇಟ್ಟಳು. ಎಲೆಯಷ್ಟು ತೆಳ್ಳಗೆ ಬಿದ್ದವು. ಒಲೆಗೂ ಅವಳೇ ಮೊದಲು ಹೋದಳು. ಎಂದಿನ ಹಾಗೆ, ಕೇಳದೆ.

ಚಿಕ್ಕವಳ ತವರಿನವರು ಹಾಲು ಕರೆದು ಚೀಸು ಮಾಡಿ ಬದುಕುವವರು. ಮಾಂಸ ಅವಳಿಗೆ ಬರುತ್ತಿರಲಿಲ್ಲ. ಎಳೆಯ ಉದ್ದಕ್ಕೇ ಹೆಚ್ಚತೊಡಗಿದಳು. ತುಂಡುಗಳು ಉದ್ದುದ್ದ ಎದ್ದು ಬಂದವು.

"ಏನೇ, ಹೆಚ್ತಿದ್ದೀಯೋ ಹಗ್ಗ ಹೊಸೀತಿದ್ದೀಯೋ?" ಎಂದಳು ದೊಡ್ಡವಳು ಬಾಣಲೆಯ ಹತ್ತಿರದಿಂದ.

"ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಅಕ್ಕ."

"ನೋಡ್ಕೊಂಡೇ ಇದ್ದೀನಿ. ಆ ಬೊಚ್ಚುಬಾಯಿಯೋನು ಅದನ್ನ ಸಂಜೆವರೆಗೂ ಅಗೀತಾನೆ. ನನಗೆ ಒಳ್ಳೇದೇ."

ಒಳ್ಳೆಯದೇ ಆಗಿತ್ತು. ಸುಮ್ಮನೆ ಬೆನ್ನು ತಿರುಗಿಸಿ ನಿಂತಿದ್ದರೆ ಒಲೆ ಅವಳದೇ. ಆದರೆ ಅವಳು ಒಮ್ಮೆ ತಿರುಗಿ ನೋಡಿದಳು, ಮತ್ತೊಮ್ಮೆ ನೋಡಿದಳು. ಹೀಗೆ ಹೆಚ್ಚಿದ್ದಕ್ಕೆ ಅವಳಪ್ಪ ಗೆಣ್ಣಿನ ಮೇಲೆ ಚಾಕುವಿನ ಹಿಡಿಯಿಂದ ಬಾರಿಸುತ್ತಿದ್ದನಂತೆ. ಅದನ್ನು ಅವಳು ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಮೂರನೆಯ ಸಲ ತಿರುಗಿದವಳು ಸೌಟು ಬಿಸಾಕಿ ಬಂದು ಸೊಂಟದಿಂದ ಚಿಕ್ಕವಳನ್ನು ನೂಕಿದಳು.

"ಸರಿ ಆಚೆ. ಎಂಥಾ ಮಾಂಸ, ಹೆಂಗೆ ಕೊಲ್ತಿದ್ದಾಳೆ ನೋಡು! ನನ್ನ ಕೈಲಿ ನೋಡೋಕಾಗಲ್ಲ."

ಹೇಳಿಕೊಡಲಿಲ್ಲ, ಮುಖ ನೋಡಲಿಲ್ಲ. ತುಂಡು ತಿರುಗಿಸಿದಳು, ಹೆಚ್ಚಿದಳು. ಆ ಉದ್ದದ ಹಗ್ಗಗಳನ್ನೂ ಒಟ್ಟುಮಾಡಿ ಅಡ್ಡಕ್ಕೆ ಸಣ್ಣಗೆ ಕೊಚ್ಚಿದಳು. ಚಿಕ್ಕವಳು ಕೈಕಟ್ಟಿಕೊಂಡು ನಿಂತಿದ್ದಳು. ಆ ಹೊತ್ತಿಗೆ ಅವಳ ಮೂಗಿಗೆ ಇನ್ನೊಂದು ವಾಸನೆ ತಾಗಿತು. ಅಕ್ಕನ ಬಾಣಲೆಯಲ್ಲಿ ಚೀಸು ಕಾವು ಮೀರುತ್ತಿತ್ತು. ಇನ್ನೊಂದು ಗಳಿಗೆಗೆ ಎಣ್ಣೆ ಬಿಡುತ್ತದೆ, ಆಮೇಲೆ ಉಳಿಯುವುದು ತೊಗಲಿನಂಥ ಗಟ್ಟಿ ಪದರ. ಹುಟ್ಟಿದಾಗಿನಿಂದ ಬಲ್ಲ ವಾಸನೆ. ಹೇಳಬಹುದಿತ್ತು. ಹೇಳಲಿಲ್ಲ.

ದೊಡ್ಡವಳು ಚಾಕು ಎಸೆದು ಓಡಿದಾಗ ಬಾಣಲೆಯ ತುಂಬ ಹಳದಿ ಎಣ್ಣೆ ನಿಂತಿತ್ತು.

ಆಮೇಲೆ ಚಿಕ್ಕವಳ ಸರದಿ. ಈರುಳ್ಳಿಯನ್ನು ಕೆಂಪಗೆ ಬಾಡಿಸಿ ತೆಗೆದಳು. ಒಲೆಗೆ ಎರಡು ಸೀಳು ಸೌದೆ ಹೆಚ್ಚಿಗೆ ತುರುಕಿ, ಕಾದ ಬಾಣಲೆಗೆ ಮಾಂಸ ಹಾಕಿ, ಬಣ್ಣ ತಿರುಗುತ್ತಲೇ ಉಪ್ಪು, ಮೆಣಸಿನಪುಡಿ ಉದುರಿಸಿ ಇಳಿಸಿದಳು. ಬ್ರೆಡ್ಡಿನ ಹೊರಮೈಗೆ ಬೆಣ್ಣೆ. ತುರಿದ ಚೀಸು ಮಾಂಸದ ಕೆಳಗೆ ಒಂದು ಪದರ, ಮೇಲೊಂದು ಪದರ. ಬಾಣಲೆಯನ್ನು ಕಾವು ಕಡಿಮೆಯಿರುವ ಒಲೆಯಂಚಿಗೆ ಎಳೆದು, ಮುಚ್ಚಳ ಹಾಕಿ, ಹತ್ತಿರವೇ ಕೂತಳು. ಮುಚ್ಚಳ ತೆಗೆದಾಗ ಮಾವನಿಗೂ ಎಚ್ಚರವಾಯಿತು.

ಮೇಸ್ತ್ರಿ ಕೈ ತೊಳೆದು ಬಂದು ದೊಡ್ಡವಳದನ್ನು ಮೊದಲು ಕಚ್ಚಿದ. ಚೀಸು ಒಂದೇ ಹಾಳೆಯಾಗಿ ಎದ್ದು ಬಂದು ಗಲ್ಲಕ್ಕೆ ಜೋತುಬಿತ್ತು. "ಮಾಂಸ ಚೆನ್ನಾಗಿದೆ," ಎಂದು ಮರ್ಯಾದೆಗೆ ಹೇಳಿ ತಟ್ಟೆ ಸರಿಸಿದ. ಚಿಕ್ಕವಳದನ್ನು ಪೂರ್ತಿ ತಿಂದ. ಬೆರಳಿಗೆ ಹರಿದದ್ದನ್ನೂ ನೆಕ್ಕಿ, ಆಮೇಲೆ ತಟ್ಟೆ ಎತ್ತಿ ಚಾಚಿದ.

"ಇನ್ನೊಂದು ಇದೆಯೇನಮ್ಮಾ?"

"ಮಾಂಸ ನಾನು ಹೆಚ್ಚಿದ್ದು!" ಎಂದಳು ದೊಡ್ಡವಳು. "ಮಾವ, ಅವಳದಕ್ಕೆ ಹೆಚ್ಚಿಕೊಟ್ಟವಳು ನಾನು. ಅವಳು ಸೋತ ಹಾಗೇ ಲೆಕ್ಕ."

ಮಾವ ಚಿಕ್ಕವಳ ಕಡೆ ನೋಡಿದ. "ಹೌದೇನಮ್ಮಾ?"

ಅವಳು ಒಲೆಯ ಕಡೆ ನೋಡಿದಳು. ಒಲೆಯೊಳಗೆ ಅವಳೇ ತುರುಕಿದ ಸೌದೆ ಚಟಚಟ ಉರಿಯುತ್ತಿತ್ತು.

"ಇಲ್ಲ ಮಾವ. ನಾನೇ ಹೆಚ್ಚಿದೆ."

"ಸುಳ್ಳಿ! ನಿನ್ನ ಬಾಯಿಗೆ ಹುಳ ಬೀಳ! ನೀನು ಹೆಚ್ಚಿದ್ದರೆ ಇವನು ಇನ್ನೂ ಮೊದಲನೇ ತುತ್ತು ಅಗೀತಿರ್ತಿದ್ದ!"

"ನೀನು ಹೆಚ್ಚಿಕೊಟ್ಟೆ?" ಎಂದ ಮಾವ. ಅವನ ದನಿಯಲ್ಲಿ ಸಿಟ್ಟಿಗಿಂತ ನಗುವೇ ಇತ್ತು. "ನೀನು? ಇವಳಿಗೆ? ಒಂಬತ್ತು ವರ್ಷದಲ್ಲಿ ಒಂದು ಸೌಟು ಎತ್ತಿ ಕೊಟ್ಟಿದ್ದನ್ನ ನಾನು ನೋಡಿಲ್ಲ. ಹೆರಿಗೆ ಆದವಳನ್ನ ಬಿಸಿನೀರಿಗೆ ಕಾಯಿಸಿದೋಳು ನೀನು. ಇವತ್ತು, ಒಲೆ ಪಣಕ್ಕಿಟ್ಟ ದಿನ, ಮಾಂಸ ಹೆಚ್ಚಿಕೊಟ್ಟೆ ಅಂದರೆ ಯಾರ ಕಿವಿಗೆ ಹೂ ಇಡ್ತೀಯಮ್ಮಾ?"

ದೊಡ್ಡವಳು ಮೇಸ್ತ್ರಿಯ ಕಡೆ ನೋಡಿದಳು. ಅವನು ಅಂಗಳದಲ್ಲಿದ್ದವನು, ಏನು ಹೇಳಿಯಾನು?

ಮೇಸ್ತ್ರಿ ಎದ್ದು ದಾರ ಬಿಚ್ಚಿ, ದೊಡ್ಡವಳ ಕಡೆಗೆ ಒಂದು ಮೊಳ ಒಳಗೆ ಮೊಳೆ ಹೊಡೆದು, ಮತ್ತೆ ಬಿಗಿದ. ದಾರವನ್ನೊಮ್ಮೆ ಬೆರಳಲ್ಲಿ ಮಿಡಿದು ನೋಡಿ, ಗಾರೆ ಹರಡಿ ಮೊದಲ ಇಟ್ಟಿಗೆ ಇಟ್ಟ.

ದೊಡ್ಡವಳು ದಾರ ದಾಟಿ ಒಲೆಯ ಹತ್ತಿರ ಬಂದಳು. ಬಾಣಲೆಯಲ್ಲಿ ಉಳಿದಿದ್ದ ಕೊನೆಯ ಸ್ಯಾಂಡ್‌ವಿಚ್ಚನ್ನು ಕೇಳದೆ ಕೈಗೆತ್ತಿಕೊಂಡು, ಚಿಕ್ಕವಳ ಎದುರಿಗೇ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ ಪೂರ್ತಿ ತಿಂದಳು. ಸೆರಗಿಗೆ ಬಾಯಿ ಒರೆಸಿಕೊಂಡಳು.

"ಚೆನ್ನಾಗಿ ಹೆಚ್ಚಿದ್ದೀಯ," ಎಂದಳು.

ಮತ್ತೆ ದಾರ ದಾಟಿ ತನ್ನ ಕಡೆಗೆ ಹೋದಳು.