ತೊಳೆಯಬಾರದ ತೊಟ್ಟಿ

ನಾನೊಂದು ಉಕ್ಕಿನ ತೊಟ್ಟಿ. ಕುಡಿಯುವ ನೀರಿನದಲ್ಲ; ಹಾಗಂದುಕೊಂಡು ಯಾರೂ ಚೊಂಬು ಹಿಡಿದು ಬರುವುದು ಬೇಡ. ಕೊಯಮತ್ತೂರಿನ ಒಂದು ಶೆಡ್ಡಿನಲ್ಲಿ ತಗಡು ಬಾಗಿಸಿ, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಲಾರಿಯಲ್ಲಿ ಮಲಗಿಸಿ, ನಂಜನಗೂಡಿನ ಹೊರಗೆ ಔಷಧದ ರಾಸಾಯನಿಕ ಮಾಡುವ ಕಾರ್ಖಾನೆಗೆ ತಂದರು. ಜಾಗ ಕೊಟ್ಟದ್ದು ಹಿಂಭಾಗದ ಕಾಂಪೌಂಡಿನ ಪಕ್ಕ. ಮುಂಬಾಗಿಲಿಗೆ ಹೂವಿನ ಕುಂಡಗಳಿದ್ದವು.

ನನ್ನ ಹೊಟ್ಟೆಗೆ ಮೊದಲು ಬಿದ್ದದ್ದು ಸಗಣಿ. ಹಳ್ಳಿಯ ಕೊಟ್ಟಿಗೆಗಳಿಂದ ಟ್ರ್ಯಾಕ್ಟರಿನಲ್ಲಿ ತಂದು, ನೀರಲ್ಲಿ ಕದಡಿ ಸುರಿದರು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದವು. ಅವಕ್ಕೆ ಗಾಳಿ ಆಗದು, ಅದಕ್ಕೇ ನನಗೆ ಬಿಗಿ ಮುಚ್ಚಳ. ಕಾರ್ಖಾನೆಯ ಕೊಳಕು ನೀರು ಕೆಳಗಿನಿಂದ ಬರುತ್ತದೆ. ಅವು ಅದರ ಹೊಲಸನ್ನು ತಿಂದು ಗ್ಯಾಸ್ ಬಿಡುತ್ತವೆ. ಗ್ಯಾಸು ಬಾಯ್ಲರಿಗೆ, ನೀರು ಮುಂದಿನ ತೊಟ್ಟಿಗೆ. ಕೆಲಸ ಅವುಗಳದು, ಹೆಸರು ನನ್ನದು.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಸಿದ್ದಮಲ್ಲು, ಗುತ್ತಿಗೆ ನೌಕರ. ದೀಪಾವಳಿ ಕಳೆದ ಮೇಲೆ ಕಾಯಂ ಮಾಡುತ್ತೇವೆಂದು ಆಫೀಸಿನವರು ಹೇಳಿದ್ದರು. ಅಂದಿನಿಂದ ಅವನ ನಡಿಗೆಯೇ ಬದಲಾಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲರೂ ತಮ್ಮ ತಮ್ಮ ಯಂತ್ರಗಳನ್ನು ಉಜ್ಜಿ ತೊಳೆದು ಬಾಳೆಕಂದು ಕಟ್ಟಿದರು.

"ನಿನ್ ತೊಟ್ಟಿ ಹತ್ರ ಅಯ್ನೋರು ಮೂಗ್ ಮುಚ್ಕೊಂಡೇ ಮಂಗಳಾರತಿ ಎತ್ಬೇಕು ಕಣ್ಲಾ," ಎಂದು ಬಾಯ್ಲರಿನ ಬೆಳ್ಳಪ್ಪ ಛೇಡಿಸಿದ.

ಸಿದ್ದಮಲ್ಲುವಿಗೆ ಅದು ನಾಟಿತು. ಎಲ್ಲರೂ ಊಟಕ್ಕೆ ಹೋದಾಗ ನನ್ನ ಮುಚ್ಚಳ ತೆಗೆದು, ಎರಡು ಮೂಟೆ ಬ್ಲೀಚಿಂಗ್ ಪೌಡರ್ ಸುರಿದು, ಪೈಪಿನಿಂದ ನೀರು ಬಿಟ್ಟ. ಮರುದಿನ ನನಗೂ ಕುಂಕುಮವಿಟ್ಟು ಬೂದುಗುಂಬಳ ಒಡೆದರು. ವಾಸನೆ ನಿಜಕ್ಕೂ ಹೋಗಿತ್ತು. ಒಳಗೆ ಜೀವವೊಂದೂ ಉಳಿದಿರಲಿಲ್ಲ.

ಹಬ್ಬ ಮುಗಿದು ಕೆಲಸ ಶುರುವಾದಾಗ ಗ್ಯಾಸು ನಿಂತಿತ್ತು. ಕೊಳಕು ನೀರು ಬಂದ ಹಾಗೆಯೇ ಹೊರಗೆ ಹೋಗುತ್ತಿತ್ತು. ನೀರಿನ ಶುದ್ಧೀಕರಣ ನೋಡಿಕೊಳ್ಳುತ್ತಿದ್ದ ಫರ್ಹಾನಾ ಮೇಡಂ ಅದನ್ನು ತಡೆದು ಕಾರ್ಖಾನೆಯೊಳಗಿನ ಕೊಳದಲ್ಲಿ ತುಂಬಿಸಿದರು. ಯಾವುದೋ ಹೊಸ ರಾಸಾಯನಿಕದ ಮೇಲೆ ಅವರಿಗೆ ಅನುಮಾನ. ಹೊಸ ಸಗಣಿ ಸುರಿಸಿದರು. ಪೌಡರು ತಳದಲ್ಲಿನ್ನೂ ಗಟ್ಟಿಯಾಗಿ ಕೂತಿದ್ದರಿಂದ ಅದರಲ್ಲಿದ್ದ ಜೀವಿಗಳೂ ಸತ್ತವು.

"ಒಳಗೆ ಏನೋ ವಿಷ ಬಿದ್ದಿದೆ. ಏನಂತ ಗೊತ್ತಾಗದಿದ್ರೆ ಈ ತೊಟ್ಟಿ ಬಿಟ್ಟುಬಿಡಬೇಕಾಗುತ್ತೆ," ಎಂದರು.

ಸಿದ್ದಮಲ್ಲು ಪಕ್ಕದಲ್ಲೇ ನಿಂತಿದ್ದ. ಬಾಯಿ ಬಿಟ್ಟರೆ ಅವನ ಕಾಯಂ ಕೆಲಸ ಹೋಗುತ್ತದೆ, ಬಿಡದಿದ್ದರೆ ನಾನು ಹೋಗುತ್ತೇನೆ. ಅವನು ನನ್ನ ಕಡೆ ನೋಡಿದ. ನಾನು ತಗಡು, ನನ್ನಿಂದ ಅವನಿಗೆ ಏನೂ ಸಿಗುವಂತಿರಲಿಲ್ಲ.

"ಮೇಡಂ, ನಾನೇ ಬ್ಲೀಚಿಂಗ್ ಪೌಡ್ರು ಹಾಕಿ ತೊಳ್ದುಬುಟ್ಟೆ. ಹಬ್ಬ ಅಲ್ವಾ ಅಂತ."

ಮೇಡಂ ಅವನತ್ತ ತಿರುಗಿದರು. "ನೀವು ತೊಳೆದದ್ದು ಹೊಲಸಲ್ಲ ಸಿದ್ದಮಲ್ಲು, ಕೆಲಸ ಮಾಡೋರನ್ನೇ ತೊಳೆದುಬಿಟ್ರಿ."

ನನ್ನನ್ನು ಪೂರ್ತಿ ಬರಿದು ಮಾಡಿ ಮತ್ತೆ ಸಗಣಿ ತುಂಬಿದರು. ಅವನೇ ತುಂಬಿದ. ಸಂಕ್ರಾಂತಿಯ ಹೊತ್ತಿಗೆ ಗ್ಯಾಸಿನ ಗುಳ್ಳೆಗಳು ಮತ್ತೆ ಎದ್ದವು. ಕಾಯಂ ಕೆಲಸ ಬೇರೆಯವನಿಗೆ ಹೋಯಿತು. ನನಗೆ ಬೇಸರವಾಯಿತು. ಆಮೇಲೆ ಪ್ರತಿ ಆಯುಧಪೂಜೆಗೂ ಅವನು ನನ್ನ ಪಕ್ಕ ನಿಂತು, ಬಕೆಟ್ ಹಿಡಿದು ಬಂದವರನ್ನೆಲ್ಲ ಬೈದು ಅಟ್ಟುತ್ತಿದ್ದ.

ಈಗ ನನ್ನ ತಳ ತುಕ್ಕು ಹಿಡಿದಿದೆ. ಪಕ್ಕದಲ್ಲಿ ದೊಡ್ಡ ತೊಟ್ಟಿ ಎದ್ದಿದೆ. ನನ್ನೊಳಗಿನ ಜೀವಿಗಳೆಲ್ಲ ಪಂಪಿನಲ್ಲಿ ಅಲ್ಲಿಗೆ ಹೋದವು. ತೊಳೆದು ಕೊಟ್ಟರೆ ಮಾತ್ರ ಒಯ್ಯುತ್ತೇನೆಂದು ಗುಜರಿಯವನು ಹೇಳಿದ್ದಾನೆ.

ಸಿದ್ದಮಲ್ಲು ಪೈಪು ಹಿಡಿದು ಬಂದ. ತಲೆ ನೆರೆತಿದೆ, ಈಗಲೂ ಗುತ್ತಿಗೆಯವನೇ. ಮುಚ್ಚಳ ತೆಗೆದವನು ನೀರು ಬಿಡದೆ ಹಾಗೇ ನಿಂತ.

"ಮೇಡಂ, ಈಗ ತೊಳೀಬೋದಾ?"

ಮೇಡಂ ಬಂದು ಒಳಗೆ ಬಗ್ಗಿ ನೋಡಿದರು. "ತೊಳೀರಿ. ಒಳಗೆ ಯಾರೂ ಇಲ್ಲ."

ಸಂಜೆಯವರೆಗೂ ತೆಂಗಿನ ನಾರಿನಿಂದ ಉಜ್ಜಿದ. ನಾನು ಹೊಳೆಯಬೇಕೆಂಬುದು ಅವನ ಹಳೆಯ ಆಸೆ. ಹೊಳೆಯುತ್ತಿದ್ದೇನೆ. ಲಾರಿ ಗೇಟಿನ ಹತ್ತಿರ ನಿಂತಿದೆ.