ಮೂಡುಬದಿಯ ಈರುಳ್ಳಿ ಗದ್ದೆ

ಈರುಳ್ಳಿಯ ವಾಸನೆ ಎಲ್ಲಿಂದ ಬಂತು, ಈರುಳ್ಳಿ ಬಜ್ಜಿ ಕರಿಯುವ ಬಜೆ ಅಂಗಡಿಯದೇ ಇರಬೇಕು — ಗಾಳಿ ಪಡುವಣದಿಂದ ಬೀಸುತ್ತಿದೆ, ಬಜೆಯವನು ಒಲೆ ಹೂಡಿದ್ದೂ ಪಡುವಣಕ್ಕೇ, ಅಲ್ಲಿಗೆ ಸರಿಹೋಯಿತು ಎಂದು ಕೃಷ್ಣಾನಂದ ತನಗೆ ತಾನೇ ಹೇಳಿಕೊಂಡ, ಹೇಳಿಕೊಳ್ಳುವಾಗಲೇ ಅದು ಕರಿದದ್ದಲ್ಲ, ಹಸಿಯದು, ಈಗಷ್ಟೇ ಜಜ್ಜಿದ್ದು ಎಂಬುದು ಮೂಗಿಗೆ ಗೊತ್ತಿತ್ತು, ಈ ಮೂಗಿಗೆ ದಾಕ್ಷಿಣ್ಯವೆಂಬುದೇ ಇಲ್ಲ — ಆಟ ಶುರುವಾಗಿ ಇಪ್ಪತ್ತು ನಿಮಿಷ, ಕುಮಟೆಯೂ ಭಟ್ಕಳವೂ ಇನ್ನೂ ಗೋಲು ಹೊಡೆದಿಲ್ಲ, ಚೆಂಡು ಆ ತುದಿಯಲ್ಲಿದೆ, ಎಲ್ಲರ ಕಣ್ಣೂ ಅಲ್ಲಿದೆ, ತನ್ನ ಕಣ್ಣನ್ನೂ ಅಲ್ಲೇ ಇಡಬೇಕು, ಕ್ಲಬ್ಬಿನ ಸೆಕ್ರೆಟರಿಯಾದವನು, ತಗಡಿನ ಭೋಂಗಾ ಬಾಯಿಗೆ ಹಿಡಿದು ಊರಿಗೆಲ್ಲ ಆಟ ಸಾರುವವನು ನೆಲ ನೋಡಿಕೊಂಡು ನಿಂತರೆ ಜನ ಏನೆಂದಾರು, ನೆಲ ನೋಡುವುದು ಬೇಡ. ಹಿಂದಿನಿಂದ ಯಾರೋ ಹೇಳುತ್ತಿದ್ದಾರೆ, ಕಂಡ್ರಾ, ಮೈದಾನ ಅಗಲ ಮಾಡಿದ್ದೇ ಚಲೋ ಆತು, ಹೋದ ವರ್ಷ ಕಾರ್ನರ್ ಹೊಡೆಯೂಕೆ ಪಕ್ಕದ ಗದ್ದೆಂದ ಓಡಿ ಬರ್ಬೇಕಾಗಿತ್ತು. ಎಂತ ಚಲೋ, ಗುಡ್ಡದ ಮೇಲೆ ಮಾಡಿದ್ರೆ ಐದು ಸಾವಿರ ಜನ ಕೂರ್ತಿದ್ರು. ಗುಡ್ಡದ ಚಿರೆಕಲ್ಲಿನ ಮೇಲೆ ಬಿದ್ರೆ ಮಂಡಿಚಿಪ್ಪು ಕೈಗೆ ಬತ್ತದೆ ಮಾರಾಯಾ, ನೀನು ಆಡೂದಿಲ್ಲ, ನಿಂಗೆಂತ. ಬೊಂಬಾಯಿಯವರು ಕೊಡ್ಲಿಲ್ಲ, ಈಗ ನಾವು ಮೈಸೂರಿಗೆ ಸೇರಿ ಎರಡು ವರ್ಷ ಆತು, ಒಂದು ಅರ್ಜಿ ಹಾಕಿ ಸ್ಟೇಡಿಯಂ ಕಟ್ಟಿಸ್ಕಳೂದಪ್ಪ. ಹೌದು, ರಸ್ತೆಗೆ ಜಲ್ಲಿ ಹಾಕದವರು ಸ್ಟೇಡಿಯಂ ಕಟ್ಟಿ ಕೊಡ್ತ್ರು, ಕಾಯ್ತಾ ಕೂತ್ಕ. ಭಟ್ಕಳದ ಅತ್ತರಿನ ಅಂಗಡಿಯ ಸಾಹೇಬರು ಟೊಪ್ಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ, ನಮ್ಮನ್ನು ಹೊನ್ನಾವರದ ದಕ್ಕೆಯಲ್ಲಿ ಲಾಂಚಿಗೆ ಒಂದೂವರೆ ತಾಸು ಬಿಸಿಲಲ್ಲಿ ಒಣಗಿಸಿದ್ರಿ, ಇಲ್ಲಿ ಬಂದ್ರೆ ಒಂಟಿ ಕಾಲಲ್ಲಿ ನಿಲ್ಲಿಸಿದ್ರಿ, ಮುಂದಿನ ವರ್ಷ ಮೈದಾನ ಭಟ್ಕಳಕ್ಕೇ ತನ್ನಿ, ಕೂರೂಕೆ ಬೆಂಚು ಕೊಡ್ತೇವೆ, ಚಾ ಕೊಡ್ತೇವೆ, ಬೇಕಾದ್ರೆ ಒಂದು ಗೋಲೂ ಕೊಡ್ತೇವೆ. ಎಲ್ಲರೂ ನಕ್ಕರು, ಕೃಷ್ಣಾನಂದನೂ ನಕ್ಕ, ಬಾಯಿ ನಕ್ಕಿತು ಅಷ್ಟೇ.

ಆ ನಗುವಿನ ಆಚೆ, ಜನರ ಬೆನ್ನುಗಳ ನಡುವೆ, ಒಂದು ಬೆನ್ನು ನೆಲಕ್ಕೆ ಬಾಗಿದೆ. ಯಾರೋ ಹೆಂಗಸು, ಏನೋ ಕಳಕೊಂಡಿದ್ದಾಳೆ, ಮೂಗುತಿಯೋ ಏನೋ — ಯಾರೋ ಅಲ್ಲ, ಯಾರೆಂದು ಗೊತ್ತು, ನಾಗಮ್ಮ, ದುರ್ಗನ ಹೆಂಡತಿ. ವಕೀಲರ ಈ ಬಯಲನ್ನು ಗೇಣಿಗೆ ಮಾಡುವವನು ದುರ್ಗ, ಭತ್ತ ಕೊಯ್ದ ಮೇಲೆ ಮಳೆಗಾಲದವರೆಗೆ ದೊಡ್ಡ ಗದ್ದೆಯನ್ನು ಆರು ವರ್ಷದಿಂದ ಚೆಂಡಾಟಕ್ಕೆ ಬಿಟ್ಟುಕೊಟ್ಟವನೂ ಅವನೇ, ಕೇಳಿದ್ದಕ್ಕೆ, ಚೆಂಡು ಉರುಳಿರೆ ಗದ್ದೆ ಸವೀತದ್ಯಾ ಒಡ್ಯಾ, ಆಡಿ ಎಂದಿದ್ದ, ಪ್ರತಿಯಾಗಿ ಒಂದು ಬೀಡಿಯನ್ನೂ ಕೇಳಲಿಲ್ಲ. ಅವನು ತನಗೆಂದು ಇಟ್ಟುಕೊಳ್ಳುವುದು ಮೂಡುಬದಿಯ ಈ ಸಣ್ಣ ಗದ್ದೆ ಒಂದನ್ನೇ, ಅದರಲ್ಲಿ ಸಿಹಿ ಈರುಳ್ಳಿ, ನಾಗಮ್ಮ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು, ಬಲಿತ ಮೇಲೆ ಕಿತ್ತು ಜಡೆ ಹೆಣೆದು ರಸ್ತೆ ಬದಿಗೆ ತೂಗುಹಾಕಿದರೆ ಬಸ್ಸಿನವರು ನಿಲ್ಲಿಸಿ ಕೊಳ್ಳುತ್ತಾರೆ, ಅದರಲ್ಲಿ ಮಳೆಗಾಲದ ಉಪ್ಪು, ಎಣ್ಣೆ, ಒಣಮೀನು, ಒಂದು ಕಂಬಳಿ, ಅಷ್ಟೂ ಈ ಒಂದು ತುಂಡು ನೆಲದಿಂದ. ಇದೆಲ್ಲ ಕೃಷ್ಣಾನಂದನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದಾದರೆ ಇವತ್ತು ರಾತ್ರಿ ನಿದ್ದೆಯಾದರೂ ಬಂದೀತು. ಹದಿನೈದು ದಿನದ ಹಿಂದೆ ಈ ಸಲದ ಆಟ ಎಲ್ಲಿ ಎಂದು ವಕೀಲರ ಜಗಲಿಯಲ್ಲಿ ಕ್ಲಬ್ಬಿನ ಸಭೆ ಕೂತಾಗ ಅವನು ಗುಡ್ಡದ ಪಕ್ಷದವನೇ ಆಗಿದ್ದ, ಗುಡ್ಡಕ್ಕೇ ಹೋಗುವ, ಯಾರ ಬೆಳೆಗೂ ತೊಂದರೆಯಿಲ್ಲ ಎಂದು ಹೇಳಲು ಎದ್ದವನೇ, ಅಷ್ಟರಲ್ಲಿ ವಕೀಲರು ಎಲೆಗೆ ಸುಣ್ಣ ಸವರುತ್ತ, ಗುಡ್ಡದ ಗಾಳಿಗೆ ನಿನ್ನ ಸ್ವರ ಅರಬ್ಬೀ ಸಮುದ್ರಕ್ಕೆ ಹೋಗ್ತದೆ ಕೃಷ್ಣಾನಂದ, ಇಲ್ಲಾದರೆ ಪೇಟೆಯವರೆಗೂ ಕೇಳ್ತದೆ, ನಿನ್ನ ಸ್ವರ ಕೇಳೂಕೇ ಅರ್ಧ ಜನ ಬರೂದು ಎಂದರು. ಎಷ್ಟು ಅಗ್ಗಕ್ಕೆ ಬಿದ್ದುಹೋದೆ. ಮಾಮಲೇದಾರ ಕಚೇರಿಯಲ್ಲಿ ಇಡೀ ದಿನ ಇನ್ನೊಬ್ಬರ ಅರ್ಜಿ ನಕಲು ಮಾಡುವ ಗುಮಾಸ್ತನಿಗೆ ಸ್ವರ ಒಂದಿದೆ ಎಂದು ನಾಲ್ಕು ಜನರೆದುರು ಹೇಳಿದರೆ ಸಾಕು, ಹಟ್ಟಿಯ ಕರುವಿನ ಹಾಗೆ ಹಿಂದೆ ಹೋಗುತ್ತಾನೆ. ಹಾಗಾದರೆ ಇಲ್ಲೇ ಆಗಲಿ, ಅಗಲ ಮಾಡುವ ಎಂದ. ಜನ ನಿಲ್ಲುವ ಮೂಡುಬದಿಯಲ್ಲಿ ಈರುಳ್ಳಿ ಇದೆಯಲ್ಲ ಎಂದು ಯಾರೋ ಕೇಳಿದರು, ಅದಕ್ಕೂ ಬಾಯಿ ಮುಂದಾಯಿತು, ದುರ್ಗ ನನ್ನ ಮಾತು ಮೀರುವವನಲ್ಲ, ನಾನು ಹೇಳಿ ಕೀಳಿಸುತ್ತೇನೆ.

ಹೇಳಬೇಕಾದದ್ದು ಒಂದೇ ಮಾತು, ಈರುಳ್ಳಿ ಕೀಳು ಎಂದು. ಎಳೆಯದಾದರೂ ಸೊಪ್ಪಿನ ಸಮೇತ ಸಂತೆಯಲ್ಲಿ ಹೋಗುತ್ತಿತ್ತು, ಅರ್ಧಕ್ಕರ್ಧವಾದರೂ ಕೈಗೆ ಬರುತ್ತಿತ್ತು. ಮರುದಿನವೇ ಸೈಕಲ್ ಹತ್ತಿ ದುರ್ಗನ ಮನೆಗೆ ಹೋದ. ಅವರ ಕೇರಿಯ ಪದ್ಧತಿ ಅವನಿಗೇನು ಹೊಸತಲ್ಲ, ಕೆಟ್ಟ ಸುದ್ದಿ ತಂದವನು ಅಂಗಳದ ಆಚೆಯೇ ನಿಂತು ಹೇಳಿಬಿಡಬೇಕು, ಆಮೇಲೆ ಬೇಕಾದರೆ ಒಳಗೆ ಬರಬಹುದು, ಮೊದಲೇ ಬೆಲ್ಲ ನೀರು ಮುಟ್ಟಿದರೆ ಒಳ್ಳೆಯದಕ್ಕೆ ಬಂದವನೆಂದೇ ಲೆಕ್ಕ, ಬೆಲ್ಲ ತಿಂದ ಬಾಯಲ್ಲಿ ಕೆಡುಕು ಆಡುವ ಹಾಗಿಲ್ಲ. ನಾಗಮ್ಮ ಕೊರಳ ತುಂಬ ಮಣಿಸರ ಗಲಗಲಿಸುತ್ತ ಚೊಂಬು ತಂದಳು, ಚೂರು ಬೆಲ್ಲ ಎಲೆಯ ಮೇಲೆ, ಅವಳು ಅಂಗಳ ದಾಟಿ ಬರುವಷ್ಟು ಹೊತ್ತು ಇತ್ತು, ಬೇಡ ನಾಗಮ್ಮ, ಮೊದಲು ಮಾತು ಎನ್ನಲು ಧಾರಾಳ ಹೊತ್ತು ಇತ್ತು, ಅವನು ಕೈ ಚಾಚಿದ. ಬೆಲ್ಲ ಬಾಯಿಗೆ ಹಾಕಿದ. ಆಮೇಲೆ ದುರ್ಗನೇ ಕೇಳಿದ, ಒಡ್ಯಾ, ಈ ಸಲ ಜನ ಜಾಸ್ತಿ ಬತ್ರಂತಲ್ಲ, ನಮ್ಮ ಈರುಳ್ಳಿ ಕೀಳೂದೋ ಬಿಡೂದೋ, ಇನ್ನೂ ಇಪ್ಪತ್ತು ದಿನ ಬೇಕು ಬಲಿಯೂಕೆ. ಇಪ್ಪತ್ತು ದಿನ, ಆಟಕ್ಕೆ ಹದಿನಾಲ್ಕು. ಬಿಡು ಎಂದ. ನಾನಿದ್ದೇನೆ, ಬಿಡು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ, ಇವನದು ಬಿಡಬೇಕಾದ ಕಡೆ ಬಿಡದ ಬಾಯಿ, ಬಿಡಬಾರದ ಕಡೆ ಬಿಡುವ ಬಾಯಿ. ಮತ್ತೆರಡು ಸಲ ಹೋದ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೋದ, ಎರಡು ಸಲವೂ ಬೆಲ್ಲ ತಿಂದು ನೀರು ಕುಡಿದು ಬಂದ, ಪದ್ಧತಿಯ ಹಿಂದೆ ಅಡಗಿ ಕೂತ, ಅವರ ಪದ್ಧತಿಯ ಹಿಂದೆ, ತನ್ನದೂ ಅಲ್ಲ. ಈರುಳ್ಳಿ ತಂದ್ರೋ ಎಂದು ಹೆಂಡತಿ ಪರಮೇಶ್ವರಿ ಕೇಳಿದರೆ, ಇನ್ನೂ ಬಲಿತಿಲ್ಲ ಮಾರಾಯ್ತಿ ಎಂದು ಗದರಿದ, ಅವಳೇನು ಮಾಡಿದ್ದಳು ಪಾಪ.

ಹಗ್ಗ ಕಟ್ಟಿಸಿದ್ದನಲ್ಲ — ಅದನ್ನಾದರೂ ಲೆಕ್ಕಕ್ಕೆ ಹಿಡಿಯಬೇಕಲ್ಲ, ಇವತ್ತು ಬೆಳಿಗ್ಗೆ ನಾಲ್ಕು ಮೂಲೆಗೂ ಗೂಟ ಹೊಡೆಸಿ ಈರುಳ್ಳಿಯ ಸುತ್ತ ಕತ್ತದ ಹಗ್ಗ ಕಟ್ಟಿಸಿ, ದುರ್ಗನನ್ನೇ ಕಾವಲಿಗೆ ನಿಲ್ಲಿಸಿ, ಯಾರು ಬಂದರೂ ಬಿಡಬೇಡ, ನನ್ನ ಹೆಸರು ಹೇಳು ಎಂದಿದ್ದ. ದುರ್ಗ ಹೊಸ ಪಂಚೆ ಉಟ್ಟು ಬಂದಿದ್ದ, ಕೆಲಸ ಸಿಕ್ಕಿದ್ದಕ್ಕೆ ಹೆಮ್ಮೆ ಇದ್ದಂತಿತ್ತು. ಮೂರು ಗಂಟೆಯವರೆಗೆ ಎಲ್ಲ ಸರಿಯೇ ಇತ್ತು, ಜನ ಹಗ್ಗದ ಆಚೆಯೇ ನಿಂತರು, ಒಬ್ಬರ ಮೇಲೊಬ್ಬರು ಬಿದ್ದು ಬೈದಾಡಿಕೊಂಡರೂ ದಾಟಲಿಲ್ಲ, ಕುಮಟೆಯ ಜನಕ್ಕೆ ಬೆಳೆಯ ಮರ್ಯಾದೆ ಗೊತ್ತು. ಆಮೇಲೆ ಭಟ್ಕಳದ ಎರಡು ಬಸ್ಸು ಬಂತು, ಕೆಂಪು ಧೂಳು ತಿಂದ ನೂರು ಮುಖ, ನಿಲ್ಲಲು ಜಾಗ ಇಲ್ಲ, ಕ್ಯಾ ಮೈದಾನ್ ಹೈ ಭಾಯಿ, ಮುರ್ಗಿ ಕಾ ಪಿಂಜರಾ ಎಂದು ಯಾರೋ ಅಂದರು, ಕೋಳಿಗೂಡು ಎಂದದ್ದು, ಅಂದದ್ದು ಇವನ ಕಿವಿಗೇ ಬಿತ್ತು, ಕುರ್ಚಿಯಲ್ಲಿ ಕೂತ ವಕೀಲರು ಅವನ ಕಡೆ ನೋಡಿದರು, ಬರಿದೆ ನೋಡಿದರು, ಏನಾದರೂ ಹೇಳಿದ್ದರೆ ಅವರ ತಲೆಗೆ ಕಟ್ಟಬಹುದಿತ್ತು. ಅವನ ಕೈ ತಾನಾಗಿ ಭೋಂಗಾ ಎತ್ತಿತು. ಭಟ್ಕಳದ ಬಂಧುಗಳಿಗೆ ಸ್ವಾಗತ, ಮೂಡುಬದಿಯ ಹಗ್ಗ ಬಿಚ್ಚಿ, ದಯವಿಟ್ಟು ಮುಂದೆ ಬನ್ನಿ, ಗದ್ದೆಯಲ್ಲಿ ಕೂತುಕೊಳ್ಳಿ. ಎಂಥ ಸ್ವರ, ಎಷ್ಟು ಸ್ಪಷ್ಟ, ಪೇಟೆಯವರೆಗೂ ಕೇಳಿರಬೇಕು. ದುರ್ಗ ಹಗ್ಗ ಹಿಡಿದು ನಿಂತವನು ತಿರುಗಿ ನೋಡಿದ, ತಪ್ಪು ಕೇಳಿತೇನೋ ಎಂಬ ಹಾಗೆ, ಆಗಲಾದರೂ ಬೇಡ ಎಂದು ಕೈಯಾಡಿಸಬಹುದಿತ್ತು, ಬದಲಿಗೆ ಇನ್ನೊಮ್ಮೆ ಅದನ್ನೇ ಕೂಗಿದ, ಈ ಸಲ ಇನ್ನೂ ಜೋರಾಗಿ, ದಯವಿಟ್ಟು ಎಂಬುದನ್ನು ಬಿಟ್ಟು. ದುರ್ಗ ಗಂಟು ಬಿಚ್ಚಿದ. ತಾನೇ ಬಿಚ್ಚಿದ, ಬಗ್ಗಿ, ಹಲ್ಲಿನಿಂದ ಕಚ್ಚಿ ಎಳೆದು, ಗಂಟು ಬಿಗಿಯಾಗಿತ್ತು. ನೀರಿಗೆ ಹೋದ ನಾಗಮ್ಮ ಆಗ ಅಲ್ಲಿರಲಿಲ್ಲ, ಕೊಡ ಹೊತ್ತು ಬಂದಾಗ ಗದ್ದೆ ಇರಲಿಲ್ಲ, ಕಾಲುಗಳಿದ್ದವು.

ಈಗ ಅವಳು ಎರಡನೇ ಸಾಲಿಗೆ ಬಂದಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಂಡಿದ್ದಾಳೆ, ಕೂತವರ ಬಳಿ, ಸ್ವಲ್ಪ ಸರೀರಿ, ನಿಂತವರ ಬಳಿ, ಕಾಲೆತ್ತಿ, ಅಷ್ಟೇ ಮಾತು, ಅವರು ಚೆಂಡಿನಿಂದ ಕಣ್ಣು ತೆಗೆಯದೆ ಒಂದು ಕಾಲು ಎತ್ತುತ್ತಾರೆ, ಕಸ ಗುಡಿಸುವವಳಿಗೆ ಎತ್ತುವ ಹಾಗೆ, ಅವಳ ಕೈ ಕೆಳಗೆ ಹೋಗುತ್ತದೆ, ಚಪ್ಪಟೆಯಾದದ್ದೊಂದು ಮಡಿಲಿಗೆ ಬರುತ್ತದೆ, ಅವರು ಕಾಲು ಇಡುತ್ತಾರೆ. ಗ್ಯಾಲರಿ ಅಂತ ಒಂದು ಬೇಕು ಕಾಣಿ, ಹಲಗೆಯದ್ದಾದ್ರೂ ಸೈ, ಹಿಂದಿನವರಿಗೆ ಬರೀ ತಲೆ ಕಾಣ್ತದೆ — ಕಾಲೆತ್ತಿ — ಹೆಂಗಸರಿಗೆ ಒಂದು ಮರೆ ಬೇಕು, ಕುಡಿಯೂಕೆ ನೀರು ಬೇಕು — ಕಾಲೆತ್ತಿ — ಮುಂದಿನ ವರ್ಷ ಆಚೆ ಗದ್ದೆಯನ್ನೂ ಸೇರಿಸಿರೆ ಆತು. ದುರ್ಗ ದೂರದ ಅಂಚಿನ ಮೇಲೆ ಕೂತು ಹಗ್ಗವನ್ನು ಮೊಣಕೈಗೆ ಸುತ್ತುತ್ತಿದ್ದಾನೆ, ಇತ್ತ ನೋಡುವುದಿಲ್ಲ. ಓಡಿಹೋಗಬೇಕು, ರೆಫರಿ ಕರೆದರೆಂದು ಆ ಬದಿಗೆ ಹೋಗಿಬಿಡಬೇಕು, ಸೆಕ್ರೆಟರಿಗೆ ಕೆಲಸವೇನು ಒಂದೇ — ಕಾಲೆತ್ತಿ, ಎಂದಳು ಅತ್ತರಿನ ಸಾಹೇಬರಿಗೆ, ಅವರು ಮಾತ್ರ ಕೆಳಗೆ ನೋಡಿದರು, ಯಾ ಅಲ್ಲಾ ಎಂದು ಹಿಂದೆ ಸರಿದು ತಾವೇ ಬಗ್ಗಿ ಎರಡು ಹೆಕ್ಕಿ ಅವಳ ಮಡಿಲಿಗೆ ಹಾಕಿದರು, ಪರ ಊರಿನವರು. ಆಮೇಲೆ ಕೃಷ್ಣಾನಂದನ ಎದುರು ಅವಳು ಕುಕ್ಕರಗಾಲಲ್ಲಿ ಕೂತಳು, ತಲೆಯೆತ್ತಿ ನೋಡಿ ಗುರುತು ಹಿಡಿದು, ಒಡ್ಯಾ, ನೀವಾ ಎಂದಳು, ಬೈಯುವ ದನಿಯಲ್ಲ, ಬೈದಿದ್ದರೆ. ನೀವೆಂತ ಮಾಡ್ತ್ರಿ ಬಿಡಿ, ನಮ್ಮವರು ಹೇಳಿದ್ರು, ಒಡೆಯರು ಬ್ಯಾಡ ಬ್ಯಾಡ ಅಂತ ಭೋಂಗಾದಲ್ಲಿ ಕೂಗೇ ಕೂಗಿದ್ರಂತೆ, ಜನ ಕೇಳ್ಲಿಲ್ಲಂತೆ, ಸ್ವರ ಬಿದ್ದೋಗದ್ಯಾ, ಮನೆಗೆ ಬನ್ನಿ ಆಮೇಲೆ, ಬೆಲ್ಲ ನೀರು ಕೊಡ್ತೆ. ದುರ್ಗ ಹೇಳಿದ್ದು, ಗಂಟು ಬಿಚ್ಚಿದ ದುರ್ಗ, ಹೆಂಡತಿಗೆ ಸುಳ್ಳು ಹೇಳಿ ಇವನ ಮರ್ಯಾದೆ ಉಳಿಸಿದ್ದಾನೆ, ಅಲ್ಲ ನಾಗಮ್ಮ, ಕೂಗಿದ್ದು ನಾನೇ, ಬನ್ನಿ ಎಂದು ಕೂಗಿದ್ದು ಎನ್ನಬೇಕು, ಈಗಲೇ ಎನ್ನಬೇಕು, ನಾಲಗೆ ಎಲ್ಲಿದೆ, ಪೇಟೆಯವರೆಗೆ ಕೇಳುವ ಸ್ವರ ಎಲ್ಲಿದೆ. ಕಾಲೆತ್ತಿ ಒಡ್ಯಾ ಎಂದಳು. ಸೀಮೆಸುಣ್ಣ ಬಳಿದು ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಬೂಟು, ಅದರ ಅಡಿಯಿಂದ ಹಸಿರು ಸೊಪ್ಪಿನ ಎರಡು ಎಸಳು ಹೊರಗೆ ಚಾಚಿವೆ. ಗೋಲ್ ಎಂದು ಬಯಲೆಲ್ಲ ಎದ್ದಿತು, ಯಾರು ಹೊಡೆದರೋ, ಕುಮಟೆಯೋ ಭಟ್ಕಳವೋ, ಕೂಗಿ ಕೃಷ್ಣಾನಂದಾ, ಯಾರದು ಕೂಗಿ, ಎಲ್ಲರ ಕಾಲೂ ನೆಲ ಬಿಟ್ಟಿತು, ಅವನದು ಬಿಡಲಿಲ್ಲ, ಎತ್ತಬೇಕು, ಎತ್ತಿದರಾಯಿತು, ಬೂಟಿನ ಪಕ್ಕದಲ್ಲಿ ಅವಳ ಕೈ, ಅಂಗೈ ಮೇಲೆ ಮಾಡಿ, ಉಗುರಿನಲ್ಲಿ ಮಣ್ಣು, ಕಾಯುತ್ತಿರುವ ಕೈ, ಬೂಟಿನ ಪಕ್ಕದಲ್ಲಿ, ಕೈ